ಸಿಟಿ ಆಯಸ್ಸು ತಿನ್ನತ್ತಾ? ಊರು ಬಿಡೋ ಮುಂಚೆ ಮಲಗೋ ಕೋಣೆ ಕಿಟಕಿ ನೋಡಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಾವಿರೋದು ದೊಡ್ಡ ರಸ್ತೆ ಪಕ್ಕದ ಫ್ಲಾಟು, ಮೂರನೇ ಮಹಡಿ, ಅದೇ ಕೊನೇ ಮಹಡಿ. ಮೊಬೈಲಲ್ಲಿರೋ ಆ್ಯಪ್ ಈ ಊರಿನ ಗಾಳಿಯಿಂದ ಆಯಸ್ಸು ಮೂರು ವರ್ಷ ಕಮ್ಮಿ ಆಗತ್ತೆ ಅಂತ ತೋರಿಸ್ತಿದೆ. ಮನೇಲಿ 72 ವರ್ಷದ ಅಪ್ಪ ಇದಾರೆ, ಬಿಪಿ ಇದೆ, ಆರು ವರ್ಷದ ಮಗಳಿದಾಳೆ. ಎಲ್ಲಾ ಬಿಟ್ಟು ಹಳ್ಳಿಗೆ ಹೋಗ್ಬಿಡೋಣ ಅಂತೀನಿ ನಾನು, ನನ್ ಹೆಂಡ್ತಿ ಒಪ್ತಿಲ್ಲ. ನಿಜವಾಗ್ಲೂ ಸಿಟಿ ಆಯಸ್ಸು ಕಮ್ಮಿ ಮಾಡತ್ತಾ? ಇಂಥ ಗಾಳೀಲಿ ಅಪ್ಪ ವಾಕಿಂಗ್ ಹೋಗೋದು ಒಳ್ಳೇದಾ ಕೆಟ್ಟದ್ದಾ?

ಉತ್ತರ: ಮೊದ್ಲು ಆ ಮೂರು ವರ್ಷದ ಲೆಕ್ಕ ಇತ್ಯರ್ಥ ಮಾಡೋಣ, ಯಾಕಂದ್ರೆ ಮನೇಲಿ ಜಗಳ ಶುರುವಾಗಿರೋದೇ ಅದ್ರಿಂದ ಅನ್ಸತ್ತೆ. ಆ ನಂಬರ್ ಸುಳ್ಳಲ್ಲ, ಆದ್ರೆ ನೀವು ಓದ್ಕೊಂಡಿರೋ ಅರ್ಥ ಅದಕ್ಕಿಲ್ಲ. ಬ್ಯಾಂಕ್ ಖಾತೆಯಿಂದ ದುಡ್ಡು ಕಟ್ಟಾಗೋ ಥರ ನಿಮ್ಮ ಆಯಸ್ಸಿಂದ ಮೂರು, ನಿಮ್ಮ ಮಗಳ ಆಯಸ್ಸಿಂದ ಮೂರು ಅಂತ ಎಲ್ಲರಿಗೂ ಸಮನಾಗಿ ಕಟ್ಟಾಗಲ್ಲ. ಅದು ಇಡೀ ಊರಿನ ಸರಾಸರಿ. ಊರಲ್ಲಿ ತುಂಬಾ ಜನಕ್ಕೆ ಗಾಳಿಯಿಂದ ಆಯಸ್ಸು ಲೆಕ್ಕಕ್ಕೆ ಸಿಗೋಷ್ಟೇನೂ ಕಮ್ಮಿ ಆಗಲ್ಲ, ಒಂದಷ್ಟು ಜನಕ್ಕೆ 80ಕ್ಕೆ ಬರಬೇಕಾಗಿದ್ದ ಹಾರ್ಟ್ ಅಟ್ಯಾಕ್ 60ಕ್ಕೇ ಬರತ್ತೆ, ಎಲ್ಲಾ ಕೂಡಿಸಿ ತಲೆಗೆ ಹಂಚಿದಾಗ ಬರೋದು ಮೂರು. ನೀವು ಯಾವ ಗುಂಪಲ್ಲಿ ಇದೀರ ಅಂತ ಆ್ಯಪ್‌ಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ರೆ ಯಾವ ಗುಂಪಿಗೆ ಹೋಗೋ ಸಾಧ್ಯತೆ ಜಾಸ್ತಿ ಅನ್ನೋದನ್ನ ಬದಲಾಯಿಸ್ಬಹುದು, ಈ ಉತ್ತರ ಪೂರ್ತಿ ಅದರ ಬಗ್ಗೇನೇ.

ಆ ಲೆಕ್ಕ ಎಲ್ಲಿಂದ ಬಂತು ಅಂತ ತಿಳ್ಕೊಂಡ್ರೆ ಭಯ ಸ್ವಲ್ಪ ಹದಕ್ಕೆ ಬರತ್ತೆ. 'ಇಷ್ಟು ವರ್ಷ ಹೋಗತ್ತೆ' ಅನ್ನೋ ಲೆಕ್ಕಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಶಿಕಾಗೋ ಯೂನಿವರ್ಸಿಟಿಯವರ ಏರ್ ಕ್ವಾಲಿಟಿ ಲೈಫ್ ಇಂಡೆಕ್ಸ್. ಅದರ ಬೇರು ಚೀನಾದ ಹುವಾಯ್ ನದಿ ಹತ್ರ ಇದೆ. 1950ರಿಂದ 1980ರವರೆಗೆ ಅಲ್ಲಿನ ಸರ್ಕಾರ ನದಿಯಿಂದ ಉತ್ತರಕ್ಕಿರೋ ಊರುಗಳಿಗೆ ಮಾತ್ರ ಚಳಿಗಾಲದಲ್ಲಿ ಮನೆ ಬೆಚ್ಚಗಿಡೋಕೆ ಕಲ್ಲಿದ್ದಲು ಬಿಟ್ಟಿ ಕೊಡ್ತಿತ್ತು, ದಕ್ಷಿಣದವರಿಗೆ ಇಲ್ಲ. ಆ ಬಾಯ್ಲರ್‌ಗಳು, ಆ ಅಭ್ಯಾಸ ಆಮೇಲೂ ಉಳ್ಕೊಂಡ್ವು. ಅಂದ್ರೆ ನದಿ ಆಚೆ ಈಚೆ ಜನ ಹೆಚ್ಚುಕಮ್ಮಿ ಒಂದೇ ಥರ, ಊರಿಂದ ಊರಿಗೆ ಸಲೀಸಾಗಿ ಹೋಗಿ ನೆಲೆಸೋಕೂ ಬಿಡ್ತಿರ್ಲಿಲ್ಲ, ಹೊಗೆ ಮಾತ್ರ ಬೇರೆ. ಯಾರೂ ಬೇಕಂತ ಮಾಡದ ಪ್ರಯೋಗ ತಾನಾಗೇ ಆಗಿಹೋಯ್ತು. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಉತ್ತರದಲ್ಲಿ ಧೂಳಿನ ಕಣ 46 ಪರ್ಸೆಂಟ್ ಜಾಸ್ತಿ, ಆಯಸ್ಸು 3.1 ವರ್ಷ ಕಮ್ಮಿ. ಇದೇ ನದಿ ಬಗ್ಗೆ 2013ರಲ್ಲಿ ಬಂದ ಮೊದಲ ಲೆಕ್ಕ 5.5 ವರ್ಷ ಅಂದಿತ್ತು, ಹೆಚ್ಚು ಡೇಟಾ ಸಿಕ್ಕ ಮೇಲೆ ಇಳೀತು. 2017ರ ಲೆಕ್ಕವನ್ನ ಪಿಎಂ 2.5, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣದ ಲೆಕ್ಕಕ್ಕೆ ತಿರುಗಿಸಿದಾಗ, ಒಂದು ಘನ ಮೀಟರ್ ಗಾಳೀಲಿ ಪ್ರತಿ 10 ಮೈಕ್ರೋಗ್ರಾಂ ಜಾಸ್ತಿ ಆದ್ರೆ ಸುಮಾರು ಒಂದು ವರ್ಷ ಅಂತ ಬರತ್ತೆ. ಅಮೆರಿಕದ 51 ಮಹಾನಗರಗಳ ಮೇಲೆ 2009ರಲ್ಲಿ ಬಂದ ಅಧ್ಯಯನ ಇದೇ 10 ಮೈಕ್ರೋಗ್ರಾಂಗೆ 0.61 ವರ್ಷ ಅನ್ನತ್ತೆ. ಎರಡು ದೇಶ, ಎರಡು ಥರದ ವಿಧಾನ, ಉತ್ತರ ಅಕ್ಕಪಕ್ಕದಲ್ಲೇ ಇದೆ, ಹಾಗಾಗಿ ನಾನಂತೂ ಇದನ್ನ ತಳ್ಳಿಹಾಕಲ್ಲ.

ಆದ್ರೆ ಒಂದು ಷರತ್ತಿದೆ, ಆ್ಯಪಲ್ಲಿ ಅದು ಸಣ್ಣಕ್ಷರದಲ್ಲಿರತ್ತೆ, ಯಾರೂ ಓದಲ್ಲ. ಇವತ್ತಿನ ಗಾಳಿ ಹೀಗೇ ಇದ್ದು, ಹುಟ್ಟಿದಾಗಿಂದ ಸಾಯೋವರೆಗೂ ಅದನ್ನೇ ಉಸಿರಾಡಿದ್ರೆ ಮಾತ್ರ ಆ ಲೆಕ್ಕ. ಎರಡು ವರ್ಷ ಇಲ್ಲಿದ್ದು ಹೋದವರಿಗೆ ಅದು ಅನ್ವಯ ಆಗಲ್ಲ. ಇನ್ನೊಂದು, ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತೀರಾ ಅಂತ ನೀವು ಬರೆದಿಲ್ಲ. ಬ್ರಿಟನ್ನಿನ ಡಾಕ್ಟರುಗಳನ್ನೇ 50 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಬಿಡದೇ ಸೇದಿದವರು ಸರಾಸರಿ ಹತ್ತು ವರ್ಷ ಮುಂಚೆ ಸತ್ತಿದ್ರು. ಮೂರು ವರ್ಷಕ್ಕೆ ಊರು ಬಿಡೋಕೆ ಹೊರಟವರು ಹತ್ತು ವರ್ಷದ್ದನ್ನ ಜೇಬಲ್ಲಿಟ್ಕೊಂಡು ಹೋಗೋದು ನಾನು ನೋಡಿದೀನಿ, ಅದಕ್ಕೇ ಕೇಳ್ದೆ.

ಈಗ ಹಳ್ಳಿ ವಿಷ್ಯ. ಒಂದು ಕಾಲದಲ್ಲಿ ನಿಮ್ಮ ವಾದ ನೂರಕ್ಕೆ ನೂರು ಸರಿ ಇತ್ತು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಅನ್ನೋರು ಬ್ರಿಟನ್ನಿನಲ್ಲಿ ಒಂದು ವರದಿ ಕೊಟ್ರು, ಅದ್ರಲ್ಲಿ ಮ್ಯಾಂಚೆಸ್ಟರ್ ಕೂಲಿಕಾರರ ಸಾವಿನ ಸರಾಸರಿ ವಯಸ್ಸು 17, ರಟ್ಲಂಡ್ ಅನ್ನೋ ಹಳ್ಳಿಗಾಡಿನ ಕೂಲಿಕಾರರದ್ದು 38. ಹದಿನೇಳಕ್ಕೇ ಎಲ್ರೂ ಸಾಯ್ತಿದ್ರು ಅಂತಲ್ಲ, ಕೂಸುಗಳು ಅಷ್ಟು ಸಾಯ್ತಿದ್ವು. ಕೊಳಚೆ ನೀರು ಕುಡಿಯೋ ನೀರಿಗೆ ಸೇರ್ತಿತ್ತು, ಒಂದೊಂದು ಕೋಣೇಲಿ ಒಂದೊಂದು ಸಂಸಾರ. ಒಳಚರಂಡಿ, ಶುದ್ಧ ನೀರು, ಲಸಿಕೆ ಬಂದ್ಮೇಲೆ ಕಥೆ ತಿರುಗಿಬಿಡ್ತು, ಇವತ್ತು ಎಷ್ಟೋ ದೇಶಗಳಲ್ಲಿ ಸಿಟಿಯವರೇ ಹಳ್ಳಿಯವರಿಗಿಂತ ಜಾಸ್ತಿ ಬದುಕ್ತಾರೆ. ಕಾರಣ ಸರಳ, ಎದೆನೋವು ಬಂದಾಗ ಒಂದು ಗಂಟೆಯೊಳಗೆ ಕ್ಯಾಥ್‌ಲ್ಯಾಬ್ (ಕಟ್ಟಿಕೊಂಡ ಹೃದಯದ ರಕ್ತನಾಳ ಬಿಡಿಸೋ ಕೋಣೆ) ಇರೋ ಆಸ್ಪತ್ರೆ ಸಿಗತ್ತಾ ಇಲ್ವಾ ಅನ್ನೋದು 72ರ ಬಿಪಿ ಪೇಷೆಂಟ್‌ಗೆ ಗಾಳಿಯಷ್ಟೇ ದೊಡ್ಡ ವಿಷ್ಯ. ಮತ್ತೆ ಹಳ್ಳಿ ಗಾಳಿ ಶುದ್ಧ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಸೌದೆ ಒಲೆ ಉರಿಯೋ ಅಡುಗೆಮನೇಲಿ ಹೊಗೆ ಟ್ರಾಫಿಕ್ ಸಿಗ್ನಲ್ಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರತ್ತೆ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಲ್ಲಿ 2019ರಲ್ಲಿ ಹೊರಗಿನ ಗಾಳಿಯಿಂದ 42 ಲಕ್ಷ ಅಕಾಲ ಸಾವು, ಮನೆಯೊಳಗಿನ ಹೊಗೇನೂ ಸೇರಿಸಿದ್ರೆ 67 ಲಕ್ಷ. ಹಾಗಾಗಿ ನಿಮ್ಮ ಹೆಂಡ್ತಿ ಬೇಡ ಅಂತಿರೋದ್ರಲ್ಲಿ ಅರ್ಥ ಇದೆ.

ಹಾಗಂತ ಸಿಟಿ ಸರಾಸರೀಲಿ ಚೆನ್ನಾಗಿದೆ ಅಂದ್ರೆ ಸಿಟಿಯ ಎಲ್ಲಾ ಬೀದಿಗಳೂ ಚೆನ್ನಾಗಿವೆ ಅಂತಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ಒಂದು ಉದಾಹರಣೆ ಕೊಟ್ಟಿತ್ತು, ಗ್ಲಾಸ್ಗೋದ ಕಾಲ್ಟನ್ ಅನ್ನೋ ಬಡಾವಣೇಲಿ ಗಂಡಸಿನ ಆಯಸ್ಸು 54, ಅದೇ ಊರಿನ ಅಂಚಲ್ಲಿರೋ ಲೆನ್ಜಿಯಲ್ಲಿ 82. ಕೆಲವೇ ಮೈಲಿ ಅಂತರದಲ್ಲಿ 28 ವರ್ಷ. ಬಡತನ, ಕುಡಿತ, ಕೆಲಸ ಇಲ್ದೇ ಇರೋದು ಎಲ್ಲಾ ಸೇರಿರೋ ಲೆಕ್ಕ ಅದು, ಬರೀ ಗಾಳಿ ಅಲ್ಲ. ನಾನು ಹೇಳೋಕೆ ಹೊರಟಿರೋದು ಏನಂದ್ರೆ, ಯಾವ ಊರು ಅನ್ನೋದಕ್ಕಿಂತ ಆ ಊರೊಳಗೆ ಯಾವ ಬೀದಿ, ಆ ಬೀದೀಲಿ ಯಾವ ಕಟ್ಟಡ, ಆ ಕಟ್ಟಡದಲ್ಲಿ ನಿಮ್ಮ ಮಲಗೋ ಕೋಣೆ ಕಿಟಕಿ ಯಾವ ಕಡೆ ತೆರ್ಕೊಳ್ಳತ್ತೆ ಅನ್ನೋದು ಮುಖ್ಯ. ದಿನದ ಮೂರನೇ ಒಂದು ಭಾಗ ಕಳೆಯೋದು ಅಲ್ಲೇ. ಗಾಳಿ, ಸದ್ದು, ಬಿಸಿ ಮೂರೂ ಅಲ್ಲಿಗೇ ಬರೋದು.

ಗಾಳಿ ಅಂದ ತಕ್ಷಣ ಜನಕ್ಕೆ ನೆನಪಾಗೋದು ಕೆಮ್ಮು, ಅಸ್ತಮಾ. ಆದ್ರೆ ಗಾಳಿಯಿಂದ ಸಾಯೋರಲ್ಲಿ ಹೆಚ್ಚಿನವರು ಸಾಯೋದು ಹಾರ್ಟ್ ಅಟ್ಯಾಕ್ ಮತ್ತೆ ಸ್ಟ್ರೋಕ್ ಆಗಿ. ಪಿಎಂ 2.5 ಅಂದ್ರೆ ತಲೆಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ, ಮೂಗು ಗಂಟಲು ಅದನ್ನ ತಡಿಯೋಕಾಗಲ್ಲ, ಶ್ವಾಸಕೋಶದ ಕೊನೇ ಗಾಳಿಗೂಡುಗಳವರೆಗೆ ಇಳಿಯತ್ತೆ. ಅಲ್ಲಿ ಉರಿಯೂತ ಶುರುವಾಗತ್ತೆ, ಅದರ ರಾಸಾಯನಿಕಗಳು ರಕ್ತಕ್ಕೆ ಸೇರತ್ತೆ, ರಕ್ತ ಹೆಪ್ಪುಗಟ್ಟೋ ಸ್ವಭಾವ ಜಾಸ್ತಿ ಆಗತ್ತೆ, ರಕ್ತನಾಳದ ಒಳಗೋಡೆ ಬಿಗಿಯಾಗತ್ತೆ. ಮೊದಲೇ ಕೊಬ್ಬು ಕಟ್ಟಿರೋ ನಾಳ ಆಗಿದ್ರೆ ಒಂದು ಕೆಟ್ಟ ವಾರ ಸಾಕು. ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ನೆಲದ ಮೇಲೇ ನಿಂತುಬಿಟ್ಟಿತ್ತು, ಆಗ 4,000 ಜನ ಸತ್ತರು ಅಂತ ಲೆಕ್ಕ ಹಾಕಿದ್ರು, ಆಮೇಲಿನ ತಿಂಗಳುಗಳ ಸಾವನ್ನೂ ಸೇರಿಸಿ ನೋಡಿದವರು 12,000ದವರೆಗೂ ಹೋಗ್ತಾರೆ. ಅಂಥದ್ದು ಕಣ್ಣಿಗೆ ಕಾಣತ್ತೆ, ಕಾನೂನೂ ಬಂತು, 1956ರಲ್ಲಿ. ಕಣ್ಣಿಗೆ ಕಾಣದೇ ಇರೋದನ್ನ ತೋರಿಸಿದ್ದು ಹಾರ್ವರ್ಡ್‌ನವರು, ಅಮೆರಿಕದ ಆರು ಊರುಗಳ ಸುಮಾರು 8,000 ಜನರನ್ನ 14ರಿಂದ 16 ವರ್ಷ ಹಿಂಬಾಲಿಸಿ 1993ರಲ್ಲಿ ಪ್ರಕಟಿಸಿದ್ದು. ಸಿಗರೇಟು, ತೂಕ, ಓದು, ಕೆಲಸ ಎಲ್ಲಾ ಲೆಕ್ಕಕ್ಕೆ ತಗೊಂಡ ಮೇಲೂ ಅತಿ ಕೊಳಕು ಗಾಳಿಯ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಊರು ಪೋರ್ಟೇಜ್‌ಗಿಂತ 26 ಪರ್ಸೆಂಟ್ ಜಾಸ್ತಿ. ಆವಾಗಿಂದ ಮಿತಿ ಇಳೀತಾನೇ ಇದೆ, ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪಿಎಂ 2.5 ವರ್ಷದ ಸರಾಸರಿ 10 ಮೈಕ್ರೋಗ್ರಾಂ ಅಂದಿತ್ತು, 2021ರಲ್ಲಿ 5 ಅಂತು.

ನಿಮ್ಮ ಆ್ಯಪ್ ಬಗ್ಗೆ ಒಂದು ಮಾತು. ಅದು ತೋರ್ಸೋ ನಂಬರ್ ಎಲ್ಲೋ ಮೂರ್ನಾಲ್ಕು ಕಿಲೋಮೀಟರ್ ಆಚೆ ಇರೋ ಯಂತ್ರದ್ದಿರಬಹುದು. ಪಿಎಂ 2.5ಗೆ ಅದು ಪರವಾಗಿಲ್ಲ, ಯಾಕಂದ್ರೆ ಅದು ಊರೆಲ್ಲಾ ಹರಡ್ಕೊಂಡಿರತ್ತೆ, ನಿಮ್ಮ ಬೀದಿಗೂ ಪಕ್ಕದ ಬೀದಿಗೂ ಅಂಥಾ ವ್ಯತ್ಯಾಸ ಇರಲ್ಲ. ಆದ್ರೆ ಗಾಡಿ ಹೊಗೆಯ ನೈಟ್ರೋಜನ್ ಡೈ ಆಕ್ಸೈಡ್, ಮಸಿ, ಇನ್ನೂ ಸಣ್ಣ ಅತಿಸೂಕ್ಷ್ಮ ಕಣ ಇವೆಯಲ್ಲ, ಇವು ರಸ್ತೆ ಅಂಚಲ್ಲಿ ವಿಪರೀತ ಇದ್ದು 150ರಿಂದ 300 ಮೀಟರ್ ದೂರ ಹೋಗೋಷ್ಟರಲ್ಲಿ ಬಹಳಷ್ಟು ಇಳಿದುಬಿಡತ್ತೆ. ಅದನ್ನ ಆ್ಯಪ್ ತೋರಿಸಲ್ಲ. ಮೂರನೇ ಮಹಡಿ ಅಂದ್ರೆ ನೆಲಕ್ಕಿಂತ ಸ್ವಲ್ಪ ವಾಸಿ ಇರಬಹುದು, ದೊಡ್ಡದಾಗಿ ಏನೂ ನಿರೀಕ್ಷೆ ಮಾಡ್ಬೇಡಿ. ಮಗಳ ವಿಷಯಕ್ಕೆ ಬಂದ್ರೆ ಇದು ಮುಖ್ಯ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನ 10ರಿಂದ 18 ವಯಸ್ಸಿನವರೆಗೆ ವರ್ಷಾ ವರ್ಷ ಊದಿಸಿ ಅಳತೆ ಮಾಡಿದ್ರು, ಹೆದ್ದಾರಿಯಿಂದ 500 ಮೀಟರ್ ಒಳಗಿದ್ದ ಮಕ್ಕಳ ಶ್ವಾಸಕೋಶ ಒಂದೂವರೆ ಕಿಲೋಮೀಟರ್ ಆಚೆ ಇದ್ದವರಷ್ಟು ಬೆಳೀಲಿಲ್ಲ. ಶ್ವಾಸಕೋಶ ಬೆಳೆಯೋದು ಇಪ್ಪತ್ತರ ಆಸುಪಾಸಿನವರೆಗೆ ಅಷ್ಟೇ, ಆಮೇಲೆ ಇರೋದ್ರಲ್ಲಿ ಇಳಿಯೋದೇ. ಆದ್ರೆ ಅದೇ ತಂಡ 2015ರಲ್ಲಿ ಇನ್ನೊಂದು ಫಲಿತಾಂಶ ಕೊಟ್ಟಿತು, ಅಲ್ಲಿ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ ಹಿಂದಿನ ಮಕ್ಕಳಿಗಿಂತ ಚೆನ್ನಾಗಿ ಬೆಳೆದಿತ್ತು. ನಿಮ್ಮ ಮಗಳಿಗೆ ಇನ್ನೂ ಆರು, ತಡವಾಗಿಲ್ಲ.

ಲಾಭ ಸಿಗೋಕೆ ತುಂಬಾ ವರ್ಷ ಕಾಯಬೇಕು ಅಂತಾನೂ ಇಲ್ಲ. ಅಮೆರಿಕದ ಯೂಟಾ ಕಣಿವೇಲಿ ಒಂದು ಉಕ್ಕಿನ ಕಾರ್ಖಾನೆ 1986ರ ಆಗಸ್ಟಿಂದ ಸುಮಾರು ಒಂದು ವರ್ಷ ಕಾರ್ಮಿಕರ ತಕರಾರಿಂದ ಮುಚ್ಚಿತ್ತು. ಕಾರ್ಖಾನೆ ನಡೀತಿದ್ದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಗೆ ಆಸ್ಪತ್ರೆ ಸೇರ್ತಿದ್ದ ಮಕ್ಕಳು, ಮುಚ್ಚಿದ್ದ ಆ ಒಂದು ಚಳಿಗಾಲಕ್ಕೆ ಹೋಲಿಸಿದ್ರೆ ಎರಡರಿಂದ ಮೂರು ಪಟ್ಟು. ಬಾಗಿಲು ತೆರೀತು, ಮತ್ತೆ ಅದೇ ಕಥೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ ಟೋಲ್ ಗೇಟುಗಳಲ್ಲಿ ಗಾಡಿ ನಿಲ್ಲಿಸದೇ ಹೋಗೋ ಟ್ಯಾಗ್ ಬಂತಲ್ಲ, ಅಷ್ಟಕ್ಕೇ, ಟೋಲ್‌ನಿಂದ ಎರಡು ಕಿಲೋಮೀಟರ್ ಒಳಗಿದ್ದ ತಾಯಂದಿರಲ್ಲಿ ಅವಧಿಗೆ ಮುಂಚೆ ಹೆರಿಗೆ, ಕಮ್ಮಿ ತೂಕದ ಮಗು ಎರಡೂ ಹತ್ತಕ್ಕೆ ಒಂದರಷ್ಟು ಕಮ್ಮಿ ಆಯ್ತು. ಆರೋಗ್ಯ ಇಲಾಖೆಯವರು ಮಾಡಿದ ಯೋಜನೆಯೂ ಅಲ್ಲ ಅದು, ಕ್ಯೂ ಕರಗಿಸೋಕೆ ಮಾಡಿದ್ದು.

ಈಗ ಸದ್ದು. ನೀವು ಪತ್ರದಲ್ಲಿ ಇದರ ಬಗ್ಗೆ ಒಂದಕ್ಷರ ಬರೆದಿಲ್ಲ, ದೊಡ್ಡ ರಸ್ತೆ ಪಕ್ಕ ಇದೀವಿ ಅಂತ ಮಾತ್ರ ಬರ್ದಿದೀರ. ನನ್ನ ಪ್ರಕಾರ ಸಿಟೀಲಿ ಅತೀ ಕಮ್ಮಿ ಗಮನ ಸಿಗ್ತಿರೋ ಕಾಯಿಲೆ ಕಾರಣ ಇದೇ. 'ನಮಗೆ ಅಭ್ಯಾಸ ಆಗ್ಬಿಟ್ಟಿದೆ, ಎಚ್ಚರಾನೇ ಆಗಲ್ಲ' ಅಂತ ಎಲ್ರೂ ಹೇಳ್ತಾರೆ. ನಿಮಗೆ ಅಭ್ಯಾಸ ಆಗಿರಬಹುದು, ನಿಮ್ಮ ಹೃದಯಕ್ಕೆ ಆಗಿರಲ್ಲ. ಕಿವಿ ನಿದ್ದೇಲೂ ಕೆಲಸ ಮಾಡ್ತಿರತ್ತೆ, ರಾತ್ರಿ ಎರಡಕ್ಕೆ ಲಾರಿ ಹಾರ್ನ್ ಹೊಡೆದ್ರೆ ಎಚ್ಚರ ಆಗದೇನೇ ಹೃದಯದ ಬಡಿತ ಏರತ್ತೆ, ಬಿಪಿ ಏರತ್ತೆ, ಒತ್ತಡದ ಹಾರ್ಮೋನು ಹರಿಯತ್ತೆ, ಆಳ ನಿದ್ದೆಯಿಂದ ಮೇಲಿನ ಪದರಕ್ಕೆ ಬರ್ತೀರ, ಬೆಳಿಗ್ಗೆ ಕೇಳಿದ್ರೆ ಚೆನ್ನಾಗಿ ನಿದ್ದೆ ಬಂತು ಅಂತೀರ. ರಾತ್ರಿ ಹೊತ್ತು ಬಿಪಿ ಇಳೀಬೇಕು, ಅದೇ ರಕ್ತನಾಳಕ್ಕೆ ಸಿಗೋ ರೆಸ್ಟು, ಇಳೀದೇ ಇದ್ರೆ ವರ್ಷಗಟ್ಟಲೆ ಆದ್ಮೇಲೆ ಬೆಲೆ ಕಟ್ಟಬೇಕು. ಯುರೋಪಿನ ಆರು ವಿಮಾನ ನಿಲ್ದಾಣಗಳ ಸುತ್ತ ಇರೋರನ್ನ ನೋಡಿದ ಅಧ್ಯಯನದಲ್ಲಿ ರಾತ್ರಿ ವಿಮಾನದ ಸದ್ದು 10 ಡೆಸಿಬೆಲ್ ಏರಿದ್ರೆ ಬಿಪಿ ಇರೋ ಸಾಧ್ಯತೆ 14 ಪರ್ಸೆಂಟ್ ಏರಿತ್ತು. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಅಂತ 2018ರಲ್ಲಿ ಕೊಟ್ಟ ಮಿತಿ, ರಸ್ತೆ ಸದ್ದು ರಾತ್ರಿ ಹೊತ್ತು ಮನೆ ಹೊರಗೋಡೆ ಹತ್ರ ಸರಾಸರಿ 45 ಡೆಸಿಬೆಲ್ ದಾಟಬಾರದು ಅಂತ. ನಾವು ಸುಮ್ನೆ ಕೂತು ಮಾತಾಡೋದೇ 60 ಆಗತ್ತೆ, ಲೆಕ್ಕ ಹಾಕ್ಕೊಳ್ಳಿ.

ಮಕ್ಕಳಿಗೆ ಸದ್ದು ಬೇರೆ ಥರ ಹೊಡೆತ ಕೊಡತ್ತೆ. ನ್ಯೂಯಾರ್ಕಲ್ಲಿ ಒಂದು ಸ್ಕೂಲಿತ್ತು, ಕಟ್ಟಡದ ಒಂದು ಪಕ್ಕದಲ್ಲೇ ಮೇಲ್ಸೇತುವೆ ರೈಲು, ನಾಲ್ಕೈದು ನಿಮಿಷಕ್ಕೊಂದು ಗಾಡಿ, ಬಂದಾಗೆಲ್ಲ ಟೀಚರ್ ಅರ್ಧ ನಿಮಿಷ ಪಾಠ ನಿಲ್ಲಿಸಿ ಕಾಯಬೇಕು, ಆಮೇಲೆ ಮಕ್ಕಳ ಗಮನ ಮತ್ತೆ ಎಳೀಬೇಕು. ಇನ್ನೊಂದು ಪಕ್ಕದ ಕ್ಲಾಸುಗಳಲ್ಲಿ ಆ ಗಲಾಟೆ ಇಲ್ಲ. ಸ್ಕೂಲು ಒಂದೇ, ಮಕ್ಕಳೂ ಅದೇ ಏರಿಯಾದವರು. 1975ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೈಲಿನ ಕಡೆ ಕೂತ ಮಕ್ಕಳು ಓದೋದ್ರಲ್ಲಿ ಹಿಂದಿದ್ರು, ಆರನೇ ಕ್ಲಾಸಿಗೆ ಬರೋಷ್ಟರಲ್ಲಿ ಹತ್ತಿರಹತ್ತಿರ ಒಂದು ವರ್ಷದಷ್ಟು. ಆಮೇಲೆ ಹಳಿ ಕೆಳಗೆ ರಬ್ಬರ್ ಹಾಕಿದ್ರು, ಕ್ಲಾಸಿನ ಸೀಲಿಂಗಿಗೆ ಸದ್ದು ಹೀರೋ ಹಲಗೆ ಕೂರಿಸಿದ್ರು. ಮತ್ತೆ ಅಳತೆ ಮಾಡಿದಾಗ ಎರಡೂ ಪಕ್ಕದ ಮಕ್ಕಳಲ್ಲಿ ವ್ಯತ್ಯಾಸ ಇರ್ಲಿಲ್ಲ. ನಿಮ್ಮ ಮಗಳು ಓದೋಕೆ ಕೂರೋ ಟೇಬಲ್ ರಸ್ತೆ ಕಡೆ ಇದ್ರೆ ಇವತ್ತೇ ಹಿಂದಿನ ಕೋಣೆಗೆ ಹಾಕಿ, ಇದಕ್ಕೆ ಊರು ಬಿಡೋ ಅಗತ್ಯ ಇಲ್ಲ.

ಬಿಸಿ ವಿಷಯಕ್ಕೆ ಬರ್ತೀನಿ, ಕೊನೇ ಮಹಡಿ ಅಂತ ಬರ್ದಿದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ನಿಜವಾಗ್ಲೂ ಚಿಂತೆ ಹುಟ್ಟಿಸಿದ್ದು ಅದೇ. ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಬಿಡತ್ತೆ, ಮರ ಇಲ್ಲ, ಮಣ್ಣಿನ ತೇವ ಇಲ್ಲ, ಹಾಗಾಗಿ ಸಿಟಿ ನಡುಭಾಗ ಸುತ್ತಲಿನ ಹೊಲಗದ್ದೆಗಿಂತ ರಾತ್ರಿ ಹೊತ್ತು ಕೆಲವು ಡಿಗ್ರಿ ಬಿಸಿ ಇರತ್ತೆ. ಲಂಡನ್ನಿನ ಲ್ಯೂಕ್ ಹೋವರ್ಡ್ ಇದನ್ನ 1810ರ ದಶಕದಲ್ಲೇ ಥರ್ಮಾಮೀಟರ್ ಹಿಡಿದು ಬರೆದಿಟ್ಟಿದ್ರು. ಜನ ಮಧ್ಯಾಹ್ನದ ಬಿಸಿಲಿಗೆ ಹೆದರ್ತಾರೆ, ವಯಸ್ಸಾದವರನ್ನ ಕೊಲ್ಲೋದು ಹೆಚ್ಚಾಗಿ ತಣ್ಣಗಾಗದ ರಾತ್ರಿ, ಯಾಕಂದ್ರೆ ದೇಹಕ್ಕೆ ಬಿಡುವು ಸಿಗಲ್ಲ, ಹೃದಯ ಚರ್ಮಕ್ಕೆ ರಕ್ತ ತಳ್ತಾನೇ ಇರಬೇಕು. ಶಿಕಾಗೋದಲ್ಲಿ 1995ರ ಜುಲೈನಲ್ಲಿ ಕೆಲವೇ ದಿನದ ಬಿಸಿಗಾಳಿಗೆ ಮಾಮೂಲಿಗಿಂತ 739 ಜನ ಹೆಚ್ಚು ಸತ್ತರು, ಒಬ್ಬರೇ ಇದ್ದ ಮುದುಕರು, ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡವರು ಬಹಳ. 2003ರಲ್ಲಿ ಯುರೋಪಲ್ಲಿ 70,000ಕ್ಕೂ ಹೆಚ್ಚು, ಅದ್ರಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000. ಫ್ರಾನ್ಸಿನವರು ಆಮೇಲೆ ಸತ್ತವರ ಮನೆಗಳನ್ನೂ ಬದುಕುಳಿದವರ ಮನೆಗಳನ್ನೂ ಹೋಲಿಸಿ ನೋಡಿದಾಗ ಅಪಾಯ ಹೆಚ್ಚಿಸಿದ್ದರಲ್ಲಿ ಒಂದು, ಛಾವಣಿಗೆ ನೇರ ಕೆಳಗೇ ಮಲಗೋ ಕೋಣೆ ಇರೋದು.

ನಿಮ್ಮ ಅಪ್ಪ ಬಿಪಿ ಮಾತ್ರೆ ತಗೋತಾರೆ. ಮೂತ್ರ ಜಾಸ್ತಿ ಹೋಗೋ ಥರದ ಮಾತ್ರೆ ಅದ್ರಲ್ಲಿದ್ರೆ ಬೇಸಿಗೇಲಿ ನೀರು, ಉಪ್ಪಿನಂಶ ಬೇಗ ಇಳಿಯತ್ತೆ, ಎದ್ದು ನಿಂತಾಗ ತಲೆ ಸುತ್ತತ್ತೆ, ಬೀಳ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯ ಸಿಗ್ನಲ್ಲೇ ಕಮ್ಮಿ, ಬಾಯಾರಿದಾಗ ಕುಡೀತಾರೆ ಬಿಡಿ ಅಂತ ಬಿಡ್ಬೇಡಿ. ಬೇಸಿಗೆ ಶುರುವಾಗೋ ಮುಂಚೆ ಒಂದು ಸಲ ಅವರ ಡಾಕ್ಟರ್ ಹತ್ರ ಹೋಗಿ ಡೋಸ್ ಕೇಳಿ, ನೀವೇ ನಿಲ್ಲಿಸೋ ಕೆಲಸ ಮಾತ್ರ ಮಾಡ್ಬೇಡಿ. ಛಾವಣಿಗೆ ಬಿಳಿ ಪ್ರತಿಫಲಿಸೋ ಬಣ್ಣ ಹೊಡೆಸೋದು ಅಗ್ಗದಲ್ಲಿ ಆಗೋ ಕೆಲಸ, ಕೆಳಗಿನ ಕೋಣೆ ಒಂದೆರಡು ಡಿಗ್ರಿ ಇಳಿಯತ್ತೆ. ಫ್ಯಾನ್ ಒಳ್ಳೇದು, ಆದ್ರೆ ಕೋಣೆ ಒಳಗೇ 40 ದಾಟಿದ್ರೆ ಅದು ಬಿಸಿಗಾಳಿ ಊದತ್ತೆ ಅಷ್ಟೇ, ಆಗ ಒದ್ದೆ ಬಟ್ಟೆ, ಮೈ ಒರೆಸೋದು, ಇಲ್ಲಾ ಹಗಲಲ್ಲಿ ಕೆಲವು ಗಂಟೆ ಎಸಿ ಇರೋ ಜಾಗಕ್ಕೆ ಕರ್ಕೊಂಡು ಹೋಗೋದು.

ಮರಗಳ ಬಗ್ಗೆ ನನಗೆ ಮೊದ್ಲಿಂದ್ಲೂ ಸ್ವಲ್ಪ ಅನುಮಾನ ಇತ್ತು, ಯಾಕಂದ್ರೆ ಮರ ಇರೋ ಬಡಾವಣೇಲಿ ದುಡ್ಡಿರೋರು ಇರ್ತಾರೆ, ದುಡ್ಡಿರೋರು ಹೇಗಿದ್ರೂ ಜಾಸ್ತಿ ಬದುಕ್ತಾರೆ, ಮರಕ್ಕೆ ಸುಮ್ನೆ ಹೆಸರು. ಅಮೆರಿಕದ ಒಂದು ಹುಳದ ಕಥೆ ಆ ಅನುಮಾನ ಕಮ್ಮಿ ಮಾಡ್ತು. ಪಚ್ಚೆ ಬಣ್ಣದ ಒಂದು ಕೊರಕ ಹುಳ ಆ್ಯಶ್ ಅನ್ನೋ ಜಾತಿಯ ಮರಗಳನ್ನ ಕೋಟಿಗಟ್ಟಲೆ ಕೊಂದುಹಾಕ್ತು, ಬಡವರ ಬೀದಿ ಶ್ರೀಮಂತರ ಬೀದಿ ಅಂತ ಅದು ನೋಡ್ಲಿಲ್ಲ. 15 ರಾಜ್ಯಗಳ 1990ರಿಂದ 2007ರವರೆಗಿನ ಲೆಕ್ಕ ತೆಗೆದಾಗ, ಹುಳ ಬಂದ ಜಿಲ್ಲೆಗಳಲ್ಲಿ ಹೃದಯ ಮತ್ತೆ ಉಸಿರಾಟದ ಕಾಯಿಲೆಯಿಂದ 21,000ಕ್ಕೂ ಹೆಚ್ಚು ಸಾವು ಹೆಚ್ಚುವರಿಯಾಗಿ ಕಂಡವು. ನೆರಳು ಹೋಯ್ತು, ನಡೆಯೋರು ಕಮ್ಮಿ ಆದ್ರು, ಬಿಸಿ ಏರಿತು, ಏನೇನು ಸೇರಿ ಆಯ್ತೋ. ಮನೆಯೊಳಗೆ ಕುಂಡದಲ್ಲಿ ಗಿಡ ಇಟ್ರೆ ಗಾಳಿ ಶುದ್ಧ ಆಗತ್ತೆ ಅನ್ನೋದನ್ನ ಮಾತ್ರ ನಂಬ್ಬೇಡಿ, ಅದು ಗಾಳಿಯಾಡದ ಪೆಟ್ಟಿಗೇಲಿ ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತು. ಕಿಟಕಿ ಬಾಗಿಲಿರೋ ನಿಜವಾದ ಕೋಣೇಲಿ ಕಿಟಕಿ ಮಾಡೋ ಕೆಲಸ ಗಿಡ ಮಾಡಬೇಕಂದ್ರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ ಲೆಕ್ಕ ಹಾಕಿದಾರೆ. ಚೆಂದಕ್ಕೆ ಇಡಿ, ಬೇಡ ಅನ್ನಲ್ಲ.

ಅಪ್ಪನ ವಾಕಿಂಗ್. ಹೋಗ್ಲಿ, ನಿಲ್ಲಿಸ್ಬೇಡಿ. ನಡೆಯೋದು ಹೃದಯಕ್ಕೆ ಒಳ್ಳೇದು ಅನ್ನೋ ವಿಜ್ಞಾನ ಶುರುವಾಗಿದ್ದೇ ಸಿಟಿ ಬಸ್ಸಲ್ಲಿ, 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತೆ ಕಂಡಕ್ಟರ್‌ಗಳನ್ನ ಹೋಲಿಸಿದಾಗ, ದಿನವಿಡೀ ಕೂತಿರ್ತಿದ್ದ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳೀತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಮ್ಮಿ ಇತ್ತು, ಇಬ್ರೂ ಉಸಿರಾಡ್ತಿದ್ದಿದ್ದು ಅದೇ ಲಂಡನ್ ಗಾಳಿ. 2016ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ರು, ಪಿಎಂ 2.5 ಸರಾಸರಿ 100 ಇರೋ ಊರಲ್ಲೂ ನಡೆಯೋದರಿಂದ ಆಗೋ ಲಾಭವನ್ನ ಹೊಗೆ ಮೀರಿಸಬೇಕಂದ್ರೆ ದಿನಕ್ಕೆ ಹತ್ತು ಗಂಟೆ ನಡೀಬೇಕು, ಸೈಕಲ್ ಆದ್ರೆ ಒಂದೂವರೆ ಗಂಟೆ. ಇದು ಆರೋಗ್ಯವಂತರ ಸರಾಸರಿ ಲೆಕ್ಕ ಅನ್ನೋದು ನೆನಪಿರ್ಲಿ.

ಆದ್ರೆ ಎಲ್ಲಿ ನಡೀತಾರೆ ಅನ್ನೋದು ಲೆಕ್ಕಕ್ಕೆ ಬರತ್ತೆ. ಲಂಡನ್ನಿನಲ್ಲೇ 60 ದಾಟಿದ 119 ಜನರನ್ನ, ಅವರಲ್ಲಿ ಹೃದ್ರೋಗ ಇರೋರೂ ದಮ್ಮಿನ ಕಾಯಿಲೆ ಇರೋರೂ ಇದ್ರು, ಒಂದು ದಿನ ಡೀಸೆಲ್ ಬಸ್ಸು ಟ್ಯಾಕ್ಸಿ ತುಂಬಿದ ಆಕ್ಸ್‌ಫರ್ಡ್ ಸ್ಟ್ರೀಟಲ್ಲಿ ಎರಡು ಗಂಟೆ ನಡೆಸಿದ್ರು, ಇನ್ನೊಂದು ದಿನ ಹೈಡ್ ಪಾರ್ಕಲ್ಲಿ ಎರಡು ಗಂಟೆ. ಎರಡೂ ಜಾಗದ ನಡುವೆ ದೂರ ಏನೂ ಇಲ್ಲ. ಪಾರ್ಕಲ್ಲಿ ನಡೆದಾಗ ಶ್ವಾಸಕೋಶದ ಶಕ್ತಿ ಏರಿತು, ರಕ್ತನಾಳ ಮೆತ್ತಗಾಯ್ತು, ರಸ್ತೇಲಿ ಅದೇ ನಡಿಗೆಗೆ ಆ ಲಾಭ ಹೆಚ್ಚುಕಮ್ಮಿ ಮಾಯ. ಹಾಗಾಗಿ ನಿಮ್ಮಪ್ಪ ದೊಡ್ಡ ರಸ್ತೆ ಫುಟ್‌ಪಾತ್ ಬಿಟ್ಟು ಎರಡು ಬೀದಿ ಒಳಗೆ ಹೋಗಿ ನಡೀಲಿ. ಹೊತ್ತಿನ ಬಗ್ಗೇನೂ ಒಂದು ತಪ್ಪು ನಂಬಿಕೆ ಇದೆ, ಬೆಳಗಿನ ಜಾವದ ಗಾಳಿ ಶುದ್ಧ ಅಂತ. ಚಳಿಗಾಲದಲ್ಲಿ ಅದು ಉಲ್ಟಾ, ರಾತ್ರಿ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೇ ಕೂರತ್ತೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಿರತ್ತೆ, ಹೊಗೆ ಮೇಲೆ ಹೋಗೋಕೆ ದಾರಿ ಇಲ್ಲ. ಬಿಸಿಲು ಬಂದು ನೆಲ ಕಾದ ಮೇಲೇ ಅದು ಬಿಡಿಸ್ಕೊಳ್ಳೋದು. ಚಳಿಗಾಲದಲ್ಲಿ ಬೆಳಿಗ್ಗೆ ತಡವಾಗಿ ಇಲ್ಲಾ ಸಂಜೆ ಟ್ರಾಫಿಕ್‌ಗೆ ಮುಂಚೆ, ಬೇಸಿಗೇಲಿ ಬೆಳಿಗ್ಗೆ ಬೇಗ, ಯಾಕಂದ್ರೆ ಆಗ ಮಧ್ಯಾಹ್ನ ಬಿಸಿಲೂ ಇರತ್ತೆ, ಗಾಡಿ ಹೊಗೆ ಮೇಲೆ ಬಿಸಿಲು ಬಿದ್ದು ಹುಟ್ಟೋ ಓಝೋನ್ ಅನಿಲವೂ ಏರಿರತ್ತೆ.

ಪ್ಯೂರಿಫೈಯರ್, ಮಾಸ್ಕ್ ಬಗ್ಗೆ ನೀವು ಕೇಳಿಲ್ಲ, ಮುಂದಿನ ಪ್ರಶ್ನೆ ಅದೇ ಇರತ್ತೆ ಅಂತ ಗೊತ್ತು. ಹೆಪಾ ಫಿಲ್ಟರ್ (ಸಣ್ಣ ಕಣಗಳನ್ನ ಹಿಡಿಯೋ ಒತ್ತಾದ ಜರಡಿ) ಇರೋ ಯಂತ್ರ ಕಿಟಕಿ ಮುಚ್ಚಿದ ಮಲಗೋ ಕೋಣೇಲಿ ಕಣಗಳನ್ನ ಚೆನ್ನಾಗೇ ಇಳಿಸತ್ತೆ, ಕೆಲವು ಟ್ರಯಲ್‌ಗಳಲ್ಲಿ ಬಿಪಿ ಸ್ವಲ್ಪ ಇಳಿದದ್ದೂ ಇದೆ, ಆಯಸ್ಸು ಬೆಳೆಸತ್ತೆ ಅಂತ ತೋರಿಸಿದ ಟ್ರಯಲ್ ಯಾವ್ದೂ ಇಲ್ಲ. ಹಾಲಲ್ಲಿಟ್ಟು ಕಿಟಕಿ ತೆಗೆದಿಟ್ರೆ ದಂಡ. ಅಯಾನು, ಓಝೋನು ಬಿಡತ್ತೆ ಅಂತ ಜಾಹೀರಾತು ಮಾಡೋ ಯಂತ್ರ ಬೇಡ್ವೇ ಬೇಡ, ಓಝೋನೇ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕಲ್ಲಿ ಎನ್‌95 ಮಾತ್ರ ಲೆಕ್ಕ, ಅದೂ ಅಂಚಲ್ಲಿ ಗಾಳಿ ನುಗ್ಗದ ಹಾಗೆ ಕೂತ್ರೆ, ಬಟ್ಟೆ ಮಾಸ್ಕು ಇಂಥ ಕಣಕ್ಕೆ ಹೆಚ್ಚೇನೂ ಮಾಡಲ್ಲ.

ಹಾಗಾದ್ರೆ ನಿಮ್ಮ ಮನೆ ಜಗಳಕ್ಕೆ ನನ್ನ ಅಭಿಪ್ರಾಯ. ಹಳ್ಳಿಗೆ ಹೋಗ್ಬೇಡಿ, ಮನೆ ಬದಲಾಯಿಸಿ, ಅದೇ ಊರಲ್ಲಿ. ದೊಡ್ಡ ರಸ್ತೆಯಿಂದ ಕನಿಷ್ಠ 300 ಮೀಟರ್ ದೂರ ಇರೋ ಬೀದಿ, ಕೊನೇ ಮಹಡಿ ಅಲ್ಲ, ಮಲಗೋ ಕೋಣೆಗೆ ರಸ್ತೆ ಕಡೆ ಅಲ್ಲದ ಕಿಟಕಿ, ಎರಡು ಕಡೆಯಿಂದ ಗಾಳಿ ಆಡ್ಬೇಕು, ಅಪ್ಪ ನಡೆದು ಹೋಗೋಷ್ಟು ದೂರದಲ್ಲಿ ಮರ ಇರೋ ಜಾಗ. ಇಷ್ಟೂ ಸಿಗದಿದ್ರೆ ರಸ್ತೆಯಿಂದ ದೂರಕ್ಕೆ ಮೊದಲ ಆದ್ಯತೆ ಕೊಡಿ, ಅದೊಂದರಲ್ಲೇ ಹೊಗೆ ಸದ್ದು ಎರಡೂ ಇಳಿಯತ್ತೆ. ಮನೆ ಬದಲಾಯಿಸೋಕೆ ಆಗೋವರೆಗೆ ಅಪ್ಪನ್ನೂ ಮಗಳನ್ನೂ ಹಿಂದಿನ ಕೋಣೇಲಿ ಮಲಗಿಸಿ, ನೀವಿಬ್ರು ಮುಂದಿನ ಕೋಣೆ ತಗೊಳ್ಳಿ, ರಸ್ತೆ ಕಡೆ ಕಿಟಕಿ ಟ್ರಾಫಿಕ್ ಹೊತ್ತಲ್ಲಿ ಮುಚ್ಚಿಡಿ. ಹೊಸ ಮನೆ ನೋಡೋಕೆ ಬ್ರೋಕರ್ ಭಾನುವಾರ ಬೆಳಿಗ್ಗೆ ಬನ್ನಿ ಅಂತಾರೆ, ಹೋಗಿ, ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ವಾರದ ಮಧ್ಯೆ ರಾತ್ರಿ ಹನ್ನೊಂದಕ್ಕೆ ಒಂದು ಸಲ, ಬಿರುಬಿಸಿಲಲ್ಲಿ ಮಧ್ಯಾಹ್ನ ಮೂರಕ್ಕೆ ಒಂದು ಸಲ ಹೋಗಿ ಆ ಮಲಗೋ ಕೋಣೇಲಿ ಕಿಟಕಿ ತೆಗೆದು ಕಾಲು ಗಂಟೆ ಕೂತು ಬನ್ನಿ, ನಿಮ್ಮ ಹೆಂಡ್ತೀನೂ ಕರ್ಕೊಂಡು ಹೋಗಿ.